ಬಿದ್ದ ಸಹೋದರನ ವಿರುದ್ಧ ಶೈತಾನನಿಗೆ ನೆರವಾಗದಿರೋಣ

(ಜುಮಾ ಪ್ರವಚನದ ಸಾರಾಂಶ)

ನಮ್ಮನ್ನು ಸೃಷ್ಟಿಸಿ, ಅನ್ನ ಕೊಟ್ಟು, ಒಳಿತು ಕೆಡುಕುಗಳನ್ನು ಅರಿಯುವ ಬುದ್ಧಿಯನ್ನೂ ಕೊಟ್ಟ ಅಲ್ಲಾಹನಿಗೆ ಸಕಲ ಸ್ತುತಿ. ಪ್ರವಾದಿವರ್ಯರ(ಸ) ಮೇಲೆ, ಅವರ ಕುಟುಂಬದ ಮೇಲೆ ಮತ್ತು ಅವರ ಸಂಗಾತಿಗಳ ಮೇಲೆ ಅಲ್ಲಾಹನ ಕೃಪೆಯಿರಲಿ.

ಸತ್ಯವಿಶ್ವಾಸಿ ಸಹೋದರರೇ, ಅಲ್ಲಾಹನನ್ನು ಭಯಪಟ್ಟು ಬದುಕಬೇಕೆಂದು ಮೊದಲು ನಮಗೆ ನಾವೇ, ಬಳಿಕ ನಿಮಗೂ ಉಪದೇಶಿಸುತ್ತಿದ್ದೇವೆ. ಇಂದಿನ ವಿಷಯ ಕೇಳಲು ಹಿತವಾದುದಲ್ಲ. ಮದ್ಯಪಾನದ ಚಟ, ಅದರಿಂದ ನಲುಗುತ್ತಿರುವ ಮನೆಗಳು ಮತ್ತು ಅದರಿಂದ ಹೊರಬರುವ ದಾರಿಯ ಬಗ್ಗೆ ಇಂದು ಮಾತನಾಡಬೇಕಾಗಿದೆ.

ಮಸೀದಿಯಲ್ಲಿ ಕುಳಿತವರಿಗೆ ಈ ವಿಷಯವೇಕೆ ಎಂದು ಕೆಲವರಿಗೆ ಅನಿಸಬಹುದು. ನಮ್ಮ ಸಮುದಾಯದ ಬಹುಪಾಲು ಮಂದಿ ಮದ್ಯವನ್ನು ಮುಟ್ಟುವುದಿಲ್ಲ. ಅದು ಅಲ್ಲಾಹನ ದೊಡ್ಡ ಅನುಗ್ರಹ, ಅಲ್‌ಹಮ್ದುಲಿಲ್ಲಾಹ್. ಆದರೆ ಮುಟ್ಟುವವರೇ ಇಲ್ಲ ಎಂದು ಹೇಳಲು ನಮಗೆ ಧೈರ್ಯವಿಲ್ಲ. ಇಶಾ ನಮಾಝ್ ಮುಗಿದು ಮಸೀದಿ ಖಾಲಿಯಾದ ಮೇಲೆ ನಮ್ಮ ಬಳಿ ಬಂದು ಕೂರುವ ತಂದೆಯಂದಿರಿದ್ದಾರೆ. ನಮ್ಮ ಮನೆಗೆ ಬಂದು ಅಡುಗೆಮನೆಯಲ್ಲಿ ನಮ್ಮ ಪತ್ನಿಯ ಮುಂದೆ ಅತ್ತು ಹೋಗುವ ತಾಯಂದಿರಿದ್ದಾರೆ. ಅವರೆಲ್ಲರ ಮೊದಲ ಮಾತು ಒಂದೇ: “ಉಸ್ತಾದ್, ಇದು ಯಾರಿಗೂ ತಿಳಿಯಬಾರದು.” ಮುಸ್ಲಿಮರು ಕುಡಿಯುವುದಿಲ್ಲ ಎಂಬ ನಮ್ಮ ಹೆಮ್ಮೆಯೇ ಇಂಥ ಮನೆಗಳ ಬಾಯಿ ಕಟ್ಟಿದೆ. ಅವರು ರೋಗಕ್ಕಿಂತ ಹೆಚ್ಚಾಗಿ ನಮಗೆ, ಅಂದರೆ ಮಹಲ್ಲದವರ ನಾಲಗೆಗೆ ಹೆದರುತ್ತಿದ್ದಾರೆ.

ವಿಧಿಯಲ್ಲಿ ಸಡಿಲಿಕೆಯಿಲ್ಲ

ಮೊದಲಿಗೆ ಒಂದು ಮಾತು ಸ್ಪಷ್ಟವಿರಲಿ. ಮದ್ಯ ಹರಾಮ್. ಅದರಲ್ಲಿ ಸ್ವಲ್ಪ, ಹೆಚ್ಚು ಎಂಬ ಭೇದವಿಲ್ಲ. ಯಾವುದರ ಹೆಚ್ಚು ಪ್ರಮಾಣ ಅಮಲೇರಿಸುತ್ತದೋ ಅದರ ಅಲ್ಪ ಪ್ರಮಾಣವೂ ನಿಷಿದ್ಧವೆಂದು ಪ್ರವಾದಿವರ್ಯರು(ಸ) ಕಲಿಸಿದ್ದಾರೆ. ಬಿಯರ್ ಮದ್ಯವಲ್ಲ, ಮದುವೆ ಪಾರ್ಟಿಯಲ್ಲಿ ಒಂದು ಗ್ಲಾಸ್ ಪರವಾಗಿಲ್ಲ, ವಿದೇಶದಲ್ಲಿ ಚಳಿಗೆ ಬೇಕಾಗುತ್ತದೆ ಎಂಬ ಸಬೂಬುಗಳಿಗೆ ದೀನ್‌ನಲ್ಲಿ ಸ್ಥಾನವಿಲ್ಲ.

ಈ ನಿಷೇಧ ಬಂದ ಕ್ರಮವನ್ನು ನೋಡಿ. ಮೊದಲು ಸೂರಃ ಅಲ್ ಬಖರಃದ 219ನೇ ವಚನದಲ್ಲಿ, ಮದ್ಯ ಮತ್ತು ಜೂಜಿನಲ್ಲಿ ಕೆಲವು ಪ್ರಯೋಜನಗಳಿದ್ದರೂ ಅವುಗಳ ಕೇಡೇ ದೊಡ್ಡದೆಂದು ತಿಳಿಸಲಾಯಿತು. ಬಳಿಕ ಸೂರಃ ಅನ್ನಿಸಾದ 43ನೇ ವಚನದಲ್ಲಿ, ಅಮಲಿನಲ್ಲಿ ನಮಾಝಿನ ಹತ್ತಿರ ಬರಬಾರದೆಂದು ಆಜ್ಞೆಯಾಯಿತು. ದಿನಕ್ಕೆ ಐದು ಹೊತ್ತು ನಮಾಝ್ ಮಾಡುವವರಿಗೆ ಆಗಲೇ ಕುಡಿಯುವ ಹೊತ್ತು ಕಿರಿದಾಯಿತು. ಕೊನೆಗೆ ಸೂರಃ ಅಲ್ ಮಾಇದಃದ 90 ಮತ್ತು 91ನೇ ವಚನಗಳಲ್ಲಿ ಸಂಪೂರ್ಣ ನಿಷೇಧ ಬಂತು. ಆ 91ನೇ ವಚನ ಕೊಡುವ ಕಾರಣಗಳನ್ನು ಗಮನಿಸಿ. ಶೈತಾನನು ಮದ್ಯದ ಮೂಲಕ ನಿಮ್ಮ ನಡುವೆ ಹಗೆ, ದ್ವೇಷಗಳನ್ನು ಬಿತ್ತಲು ಬಯಸುತ್ತಾನೆ, ನಿಮ್ಮನ್ನು ಅಲ್ಲಾಹನ ಸ್ಮರಣೆಯಿಂದಲೂ ನಮಾಝಿನಿಂದಲೂ ತಡೆಯಲು ಬಯಸುತ್ತಾನೆ ಎಂದು ಅದು ಎಚ್ಚರಿಸುತ್ತದೆ. ಹೊಟ್ಟೆ, ಪಿತ್ತಕೋಶಗಳ ಮಾತು ಅಲ್ಲಿಲ್ಲ. ಮೊದಲು ಬಂದಿರುವುದು ಸಂಬಂಧಗಳ ಮಾತು. ಕುಡಿಯುವವನ ಮನೆಯಲ್ಲಿ ಒಂದು ವಾರ ಇದ್ದವರಿಗೆ ಇದರ ಅರ್ಥವನ್ನು ವಿವರಿಸಬೇಕಾಗಿಲ್ಲ.

ಹಝ್ರತ್ ಅನಸ್(ರ) ಅವರು ಆ ದಿನದ ಬಗ್ಗೆ ಹೇಳಿದ್ದು ಬುಖಾರಿಯಲ್ಲಿದೆ. ಅವರು ಅಬೂ ತಲ್ಹಾ(ರ) ಅವರ ಮನೆಯಲ್ಲಿ ಅತಿಥಿಗಳಿಗೆ ಖರ್ಜೂರದ ಮದ್ಯ ಬಡಿಸುತ್ತಿದ್ದರು. ಹೊರಗಿನಿಂದ ನಿಷೇಧದ ಘೋಷಣೆ ಕೇಳಿತು. ಅಬೂ ತಲ್ಹಾ(ರ) ಅದನ್ನು ಹೊರಗೆ ಚೆಲ್ಲಲು ಹೇಳಿದರು. ಅಂದು ಮದೀನಾದ ಬೀದಿಗಳಲ್ಲಿ ಮದ್ಯ ಹರಿಯಿತು. ತಲೆತಲಾಂತರದಿಂದ ಬಂದ ಅಭ್ಯಾಸವನ್ನು ಅವರು ಬಿಟ್ಟದ್ದು ಹೇಗೆ? ಹಝ್ರತ್ ಆಇಶಾ(ರ) ಅದಕ್ಕೆ ಉತ್ತರ ಕೊಟ್ಟಿದ್ದಾರೆ. ಮೊದಲು ಅವತೀರ್ಣವಾದದ್ದು ಸ್ವರ್ಗ, ನರಕಗಳ ಬಗೆಗಿನ ವಚನಗಳು. ಹೃದಯಗಳು ಅಲ್ಲಾಹನ ಕಡೆಗೆ ವಾಲಿದ ಮೇಲೆಯೇ ಹಲಾಲ್, ಹರಾಮ್‌ಗಳ ವಿಧಿಗಳು ಬಂದವು. ಮೊದಲ ದಿನವೇ ಮದ್ಯ ಬಿಡಿ ಎಂದಿದ್ದರೆ ಜನ ಒಪ್ಪುತ್ತಿರಲಿಲ್ಲ ಎಂದು ಅವರು ಹೇಳಿದ್ದಾರೆ.

ನಮ್ಮ ಕರ್ನಾಟಕದಲ್ಲಿ 2007ರ ಜುಲೈ 1ರಿಂದ ಸಾರಾಯಿ ನಿಷೇಧವಾಯಿತು. ಸಾರಾಯಿ ಅಂಗಡಿಗಳು ಮುಚ್ಚಿದವು. ಆದರೆ ಕುಡಿತ ನಿಂತಿತೇ? ಸಾರಾಯಿ ಪ್ಯಾಕೆಟ್ ಹಿಡಿಯುತ್ತಿದ್ದ ಎಷ್ಟೋ ಕೈಗಳು ವೈನ್‌ಶಾಪಿನ ಬಾಟ್ಲಿ ಹಿಡಿದವು. ಕಾನೂನು ಬೇಕು, ಆದರೆ ಕಾನೂನಿನ ಹಿಂದೆ ಮನಸ್ಸು ತಯಾರಾಗಬೇಕು. ಆ ಮನಸ್ಸನ್ನು ತಯಾರು ಮಾಡುವ ಕೆಲಸ ಮಸೀದಿಯದ್ದು, ಮದ್ರಸದ್ದು, ಮನೆಯದ್ದು.

ಶಪಿಸಬೇಡಿ ಎಂದ ಪ್ರವಾದಿವರ್ಯರು(ಸ)

ಇಷ್ಟು ಕಠಿಣವಾಗಿ ಮದ್ಯವನ್ನು ನಿಷೇಧಿಸಿದ ಪ್ರವಾದಿವರ್ಯರು(ಸ), ಕುಡಿದ ಮನುಷ್ಯನೊಂದಿಗೆ ಹೇಗೆ ನಡೆದುಕೊಂಡರು ಎಂಬುದನ್ನು ನಾವು ಕಲಿಯಲೇಬೇಕು. ಅಬ್ದುಲ್ಲಾ ಎಂಬ ಒಬ್ಬ ಸಹಾಬಿಯಿದ್ದರು. ತಮಾಷೆಯ ಸ್ವಭಾವ. ಪ್ರವಾದಿವರ್ಯರನ್ನು(ಸ) ನಗಿಸುತ್ತಿದ್ದರು. ಆದರೆ ಅವರಿಂದ ಕುಡಿತ ಬಿಡಲಾಗಿರಲಿಲ್ಲ. ಆ ಕಾರಣಕ್ಕೆ ಅವರಿಗೆ ಶಿಕ್ಷೆಯೂ ಆಗಿತ್ತು. ಮತ್ತೊಮ್ಮೆ ಅವರನ್ನು ಕರೆತಂದಾಗ, ಎಷ್ಟು ಸಲ ಇವನನ್ನು ಕರೆತರುವುದೆಂದು ಒಬ್ಬರು ಅವರನ್ನು ಶಪಿಸಿದರು. ಪ್ರವಾದಿವರ್ಯರು(ಸ) ಅದನ್ನು ತಡೆದರು. ಈತ ಅಲ್ಲಾಹನನ್ನೂ ಅವನ ಸಂದೇಶವಾಹಕರನ್ನೂ ಪ್ರೀತಿಸುವವನು, ಇವನನ್ನು ಶಪಿಸಬೇಡಿ ಎಂದರು. ಅಬೂ ಹುರೈರಾ(ರ) ವರದಿ ಮಾಡಿದ ಇಂಥದ್ದೇ ಘಟನೆಯಲ್ಲಿ, ಕುಡಿದವನಿಗೆ ಅಲ್ಲಾಹನು ಅವಮಾನ ಮಾಡಲಿ ಎಂದವರನ್ನು ತಡೆದು, ಅವನ ವಿರುದ್ಧ ಶೈತಾನನಿಗೆ ನೆರವಾಗಬೇಡಿ ಎಂದರು. ಎರಡೂ ಬುಖಾರಿಯಲ್ಲಿವೆ.

ಇಲ್ಲಿ ಒಂದು ಪ್ರಶ್ನೆ ಏಳಬಹುದು. ಮದ್ಯ ತಯಾರಿಸುವವ, ಮಾರುವವ, ಹೊರುವವ, ಬಡಿಸುವವ, ಕುಡಿಯುವವ ಎಂದು ಮದ್ಯದ ವಿಷಯದಲ್ಲಿ ಹತ್ತು ಬಗೆಯ ಜನರ ಮೇಲೆ ಶಾಪವಿದೆ ಎಂಬ ಹದೀಸ್ ಇಲ್ಲವೇ? ಇದೆ. ಅಬೂದಾವೂದ್, ತಿರ್ಮಿದಿಗಳಲ್ಲಿ ಆ ವಿಷಯ ಬಂದಿದೆ. ವಿದ್ವಾಂಸರು ಇದನ್ನು ಬಿಡಿಸಿ ಹೇಳಿದ್ದಾರೆ. ಕೃತ್ಯದ ಮೇಲೆ ಸಾರಾಸಗಟಾಗಿ ಬಂದ ಎಚ್ಚರಿಕೆ ಬೇರೆ, ಇಂತಹ ಮನೆಯ ಇಂತಹ ಮಗ ಎಂದು ಬೆರಳು ತೋರಿಸಿ ಶಪಿಸುವುದು ಬೇರೆ. ಮೊದಲನೆಯದು ಜನರನ್ನು ಪಾಪದಿಂದ ದೂರವಿಡುತ್ತದೆ. ಎರಡನೆಯದು ಪಾಪದಲ್ಲಿರುವವನನ್ನು ಅಲ್ಲೇ ಹೂತು ಬಿಡುತ್ತದೆ.

ಹಝ್ರತ್ ಉಮರ್(ರ) ಅವರ ಒಂದು ಘಟನೆಯನ್ನು ಇಬ್ನು ಕಸೀರ್ ತಮ್ಮ ತಫ್ಸೀರ್‌ನಲ್ಲಿ ಉಲ್ಲೇಖಿಸಿದ್ದಾರೆ. ಶಾಮ್‌ನ ಒಬ್ಬ ವ್ಯಕ್ತಿ ಉಮರ್(ರ) ಅವರನ್ನು ಕಾಣಲು ಬರುತ್ತಿದ್ದ. ಕೆಲ ಕಾಲ ಬರಲಿಲ್ಲ. ವಿಚಾರಿಸಿದಾಗ ಕುಡಿತಕ್ಕೆ ಬಿದ್ದಿದ್ದಾನೆಂದು ತಿಳಿಯಿತು. ಉಮರ್(ರ) ಅವನಿಗೆ ಒಂದು ಪತ್ರ ಬರೆಸಿದರು. ಅದರಲ್ಲಿ ಬೈಗುಳವಿರಲಿಲ್ಲ. ಪಾಪಗಳನ್ನು ಕ್ಷಮಿಸುವ, ತೌಬಾ ಸ್ವೀಕರಿಸುವ, ಕಠಿಣವಾಗಿ ಶಿಕ್ಷಿಸುವವನೂ ಆಗಿರುವ ಅಲ್ಲಾಹನ ಬಗ್ಗೆ ಸೂರಃ ಗಾಫಿರ್‌ನ ಆರಂಭದ ವಚನಗಳಿದ್ದವು. ಬಳಿಕ ಜೊತೆಗಿದ್ದವರಿಗೆ ಅವನಿಗಾಗಿ ದುಆ ಮಾಡಲು ಹೇಳಿದರು. ಆತ ಪತ್ರವನ್ನು ಮತ್ತೆ ಮತ್ತೆ ಓದಿದ, ಅತ್ತ, ಕುಡಿತ ಬಿಟ್ಟ. ಸುದ್ದಿ ತಲುಪಿದಾಗ ಉಮರ್(ರ), ಜಾರಿ ಬಿದ್ದ ಸಹೋದರನೊಂದಿಗೆ ನೀವೂ ಹೀಗೆಯೇ ನಡೆದುಕೊಳ್ಳಿ, ಅವನ ವಿರುದ್ಧ ಶೈತಾನನ ಸಹಾಯಕರಾಗಬೇಡಿ ಎಂದು ಬುದ್ಧಿ ಹೇಳಿದರು.

ಸಹೋದರರೇ, ಉಮರ್(ರ) ಅವರಷ್ಟು ಕಟ್ಟುನಿಟ್ಟಿನ ಆಡಳಿತಗಾರ ಯಾರಿದ್ದಾರೆ? ಅವರು ಮೊದಲು ಗಮನಿಸಿದ್ದು ಒಬ್ಬ ಮನುಷ್ಯ ಕಾಣುತ್ತಿಲ್ಲ ಎಂಬುದನ್ನು. ನಮ್ಮ ಸಫ್‌ನಲ್ಲಿ ಆರು ತಿಂಗಳಿಂದ ಕಾಣದ ಯುವಕನ ಬಗ್ಗೆ ನಾವು ವಿಚಾರಿಸಿದ್ದೇವೆಯೇ?

ಇನ್ನೊಂದು ತಪ್ಪು ತಿಳುವಳಿಕೆಯನ್ನೂ ನೇರ ಮಾಡಬೇಕಾಗಿದೆ. ಕುಡಿದವನ ನಮಾಝ್ 40 ದಿನ ಸ್ವೀಕೃತವಾಗುವುದಿಲ್ಲ ಎಂಬ ಹದೀಸನ್ನು ಕೇಳಿದ ಕೆಲವರು, ಹಾಗಾದರೆ ನಮಾಝ್ ಮಾಡಿ ಏನು ಪ್ರಯೋಜನ ಎಂದು ಮಸೀದಿಯನ್ನೇ ಬಿಟ್ಟಿದ್ದಾರೆ. ಅವನು ಪಡೆಯಬೇಕಾಗಿದ್ದ ಪುಣ್ಯ ನಷ್ಟವಾಗುತ್ತದೆ, ಆದರೆ ನಮಾಝಿನ ಕಡ್ಡಾಯ ಅವನ ಮೇಲಿಂದ ಇಳಿಯುವುದಿಲ್ಲ ಎಂದು ವಿದ್ವಾಂಸರು ವಿವರಿಸಿದ್ದಾರೆ. ಅದೇ ಹದೀಸ್‌ನಲ್ಲಿ, ಅವನು ತೌಬಾ ಮಾಡಿದರೆ ಅಲ್ಲಾಹನು ಸ್ವೀಕರಿಸುತ್ತಾನೆ ಎಂಬ ಮಾತೂ ಇದೆ. ನಾವು ಅರ್ಧ ಹೇಳಿ ಅರ್ಧ ಬಿಡಬಾರದು. ನಿನ್ನೆ ಕುಡಿದವನು ಇಂದು ಅಮಲಿಳಿದು ವುಝೂ ಮಾಡಿ ಬಂದರೆ ಸಫ್‌ನಲ್ಲಿ ಅವನಿಗೆ ಜಾಗವಿದೆ. ಪಕ್ಕದಲ್ಲಿ ನಿಂತವರು ಮೂಗು ಮುಚ್ಚಿ ಸರಿಯಬಾರದು.

ಬಚ್ಚಿಟ್ಟಷ್ಟೂ ಬೆಳೆಯುವ ರೋಗ

2019ರಲ್ಲಿ ಕೇಂದ್ರ ಸರಕಾರ ಬಿಡುಗಡೆ ಮಾಡಿದ, ದೆಹಲಿಯ ಏಮ್ಸ್ ಸಂಸ್ಥೆ ನಡೆಸಿದ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ 10ರಿಂದ 75 ವರ್ಷದೊಳಗಿನ ಸುಮಾರು 16 ಕೋಟಿ ಮಂದಿ ಮದ್ಯ ಸೇವಿಸುತ್ತಾರೆ. ಅವರಲ್ಲಿ 5.7 ಕೋಟಿಗೂ ಹೆಚ್ಚು ಮಂದಿಗೆ ನೆರವಿನ ಅಗತ್ಯವಿದೆ. ಮದ್ಯಕ್ಕೆ ಅಂಟಿಕೊಂಡ 38 ಮಂದಿಯಲ್ಲಿ ಒಬ್ಬನಿಗೆ ಮಾತ್ರ ಏನಾದರೂ ಚಿಕಿತ್ಸೆ ಸಿಕ್ಕಿದೆ. ಉಳಿದ 37 ಮಂದಿ ಎಲ್ಲಿದ್ದಾರೆ? ಹೆಚ್ಚಿನವರು ಮನೆಗಳಲ್ಲಿಯೇ ಇದ್ದಾರೆ, ಕುಟುಂಬದವರ ನಡುವೆ. ಇದು ಎಲ್ಲ ಧರ್ಮದವರನ್ನೂ ಸೇರಿಸಿದ ಲೆಕ್ಕ. ಆದರೆ ಮುಸ್ಲಿಮ್ ಮನೆಯಲ್ಲಿ ಬಚ್ಚಿಡುವ ಕಾರಣ ಒಂದು ಹೆಚ್ಚೇ ಇದೆ.

ಬಚ್ಚಿಡುವ ಮನೆಯಲ್ಲಿ ಏನಾಗುತ್ತದೆ? ಕೆಲಸಕ್ಕೆ ಹೋಗದ ದಿನ ಜ್ವರವೆಂದು ಹೆಂಡತಿ ಫೋನ್ ಮಾಡುತ್ತಾಳೆ. ಅಂಗಡಿಯ ಸಾಲವನ್ನು ತಂದೆ ಗುಟ್ಟಾಗಿ ತೀರಿಸುತ್ತಾರೆ. ಗಲ್ಫ್‌ನಲ್ಲಿರುವ ಅಣ್ಣನ ಹಣ ಮನೆ ಖರ್ಚಿಗೆಂದು ಬಂದು ಬೇರೆಲ್ಲೋ ಹೋಗುತ್ತದೆ. ಇದೆಲ್ಲ ಪ್ರೀತಿಯಿಂದ ಮಾಡುವ ಕೆಲಸವೇ. ಆದರೆ ಕುಡಿತದ ಫಲವನ್ನು ಕುಡಿಯುವವನ ಬದಲು ಮನೆಯವರೇ ಉಣ್ಣುತ್ತಾ ಹೋದರೆ, ಬಿಡಬೇಕೆಂಬ ಅಗತ್ಯ ಅವನಿಗೆ ಯಾವಾಗ ಅನಿಸಬೇಕು?

ಮಕ್ಕಳನ್ನು ನೋಡಿ. ಸಂಜೆ ಗೇಟಿನ ಸದ್ದಾದೊಡನೆ ಅವರು ತಂದೆಯ ಹೆಜ್ಜೆಯನ್ನು ಆಲಿಸುತ್ತಾರೆ. ಹೆಜ್ಜೆ ನೆಟ್ಟಗಿದ್ದರೆ ಪುಸ್ತಕ ತೆರೆಯುತ್ತಾರೆ. ತಡವರಿಸಿದರೆ ಲೈಟ್ ಆರಿಸಿ ಮಲಗಿದಂತೆ ನಟಿಸುತ್ತಾರೆ. ಗೆಳೆಯರನ್ನು ಮನೆಗೆ ಕರೆಯುವುದಿಲ್ಲ. ಮದ್ರಸದಲ್ಲಿ ಮದ್ಯದ ಪಾಠ ಬಂದರೆ ತಲೆ ತಗ್ಗಿಸುತ್ತಾರೆ. ಇಂಥ ಮಗುವಿಗೆ, ಇದು ನಿನ್ನ ತಪ್ಪಲ್ಲ, ನಿನ್ನ ತಂದೆಗೆ ಒಂದು ಕಾಯಿಲೆ ಹಿಡಿದಿದೆ, ನಾವು ಅವರನ್ನು ಗುಣಪಡಿಸಲು ಯತ್ನಿಸುತ್ತಿದ್ದೇವೆ ಎಂದು ಮನೆಯ ಹಿರಿಯರೊಬ್ಬರು ಹೇಳಲೇಬೇಕು. ಯಾರೂ ಹೇಳದಿದ್ದರೆ ಮಗು ತಾನೇ ಕಾರಣವೆಂದು ತಿಳಿಯುತ್ತದೆ.

ಬಚ್ಚಿಡುವುದರಲ್ಲಿ ಎಲ್ಲಕ್ಕಿಂತ ಕೆಟ್ಟದ್ದು, ಮದುವೆ ಮಾಡಿದರೆ ಸರಿಯಾಗುತ್ತಾನೆ ಎಂಬ ಲೆಕ್ಕಾಚಾರ. ತಾಯಿ, ತಂದೆ, ಒಡಹುಟ್ಟಿದವರು ಎಲ್ಲರೂ ಸೇರಿ ಹತ್ತು ವರ್ಷದಲ್ಲಿ ಬಿಡಿಸಲಾಗದ ಚಟವನ್ನು ಇಪ್ಪತ್ತೊಂದು ವರ್ಷದ ಹುಡುಗಿಯೊಬ್ಬಳು ಬಿಡಿಸಬೇಕೆ? ಅವಳೂ ಒಬ್ಬರ ಮಗಳಲ್ಲವೇ? ನಮ್ಮ ಬಳಿ ಬಂದ ಒಬ್ಬ ತಾಯಿ ಹೇಳಿದ ಮಾತು ಇಂದಿಗೂ ನೆನಪಿದೆ. ನಿಕಾಹ್‌ಗೆ ಮೊದಲು ಹುಡುಗನ ಬಗ್ಗೆ ನಾಲ್ಕು ಕಡೆ ವಿಚಾರಿಸಿದ್ದರಂತೆ. ನಾಲ್ಕೂ ಕಡೆಯವರು ಒಳ್ಳೆಯ ಹುಡುಗ ಎಂದಿದ್ದರಂತೆ. ಮದುವೆಯಾಗಿ ಎರಡು ತಿಂಗಳಿಗೆ ಮಗಳ ಕತ್ತು ಬೋಳಾಗಿತ್ತು. ಆಗ ಅದೇ ನಾಲ್ವರು, ನಮಗೆ ಮೊದಲೇ ಗೊತ್ತಿತ್ತು, ಗೀಬತ್ ಆಗುತ್ತದೆಂದು ಹೇಳಲಿಲ್ಲ ಎಂದರಂತೆ.

ಇದು ಗೀಬತ್ ಅಲ್ಲ. ಫಾತಿಮಾ ಬಿಂತ್ ಖೈಸ್(ರ) ತಮಗೆ ಬಂದ ಎರಡು ಸಂಬಂಧಗಳ ಬಗ್ಗೆ ಸಲಹೆ ಕೇಳಿದಾಗ ಪ್ರವಾದಿವರ್ಯರು(ಸ) ಇಬ್ಬರ ಕೊರತೆಗಳನ್ನೂ ಮುಚ್ಚುಮರೆಯಿಲ್ಲದೆ ತಿಳಿಸಿದರು. ಒಬ್ಬರು ಬಡವರು, ಇನ್ನೊಬ್ಬರು ಹೆಂಗಸರೊಂದಿಗೆ ಕಠಿಣ ಸ್ವಭಾವದವರು ಎಂಬುದನ್ನು ಹೇಳಿ ಮೂರನೆಯವರ ಹೆಸರನ್ನು ಸೂಚಿಸಿದರು. ಇದು ಮುಸ್ಲಿಮ್‌ನಲ್ಲಿರುವ ಹದೀಸ್. ಮದುವೆಯ ವಿಷಯದಲ್ಲಿ ಸಲಹೆ ಕೇಳಿದವರಿಗೆ ಇರುವುದನ್ನು ಹೇಳುವುದು ಅನುಮತಿಯಿರುವ ವಿಷಯವೆಂದು ಇಮಾಮ್ ನವವಿ ಮೊದಲಾದವರು ಬರೆದಿದ್ದಾರೆ. ಅಗತ್ಯವಿದ್ದಷ್ಟು, ಕೇಳಿದವರಿಗೆ ಮಾತ್ರ ಹೇಳಬೇಕು. ಊರಿಗೆಲ್ಲ ಹರಡುವುದು ಗೀಬತ್. ಕೇಳಿದ ತಂದೆಗೆ ಹೇಳುವುದು ಅಮಾನತ್.

ಮದ್ದು ಮಾಡಿ, ಅದೂ ಸರಿಯಾಗಿ ಮಾಡಿ

ಮದ್ಯವನ್ನು ಔಷಧಿಗಾಗಿ ತಯಾರಿಸಬಹುದೇ ಎಂದು ತಾರಿಖ್ ಬಿನ್ ಸುವೈದ್(ರ) ಕೇಳಿದಾಗ, ಅದು ಔಷಧಿಯಲ್ಲ, ರೋಗ ಎಂದು ಪ್ರವಾದಿವರ್ಯರು(ಸ) ಉತ್ತರಿಸಿದರು. ಹಾಗೆಯೇ ಚಿಕಿತ್ಸೆ ಮಾಡಿಸಿಕೊಳ್ಳಿ, ಮುಪ್ಪೊಂದನ್ನು ಬಿಟ್ಟು ಎಲ್ಲ ರೋಗಕ್ಕೂ ಅಲ್ಲಾಹನು ಮದ್ದು ಇಟ್ಟಿದ್ದಾನೆ ಎಂದೂ ಕಲಿಸಿದರು. ಈ ಎರಡು ಪಾಠಗಳನ್ನು ಜೋಡಿಸಿ ನೋಡೋಣ. ಕುಡಿತ ಆರಂಭಿಸುವುದು ಮನುಷ್ಯನ ಆಯ್ಕೆ, ಅದು ಪಾಪ. ಆದರೆ ವರ್ಷಗಟ್ಟಲೆ ಕುಡಿದ ಮೇಲೆ ಮೆದುಳು ಮತ್ತು ದೇಹ ಅದಕ್ಕೆ ಒಗ್ಗಿಹೋಗುತ್ತವೆ. ಆಗ ಅದು ಪಾಪವೂ ಹೌದು, ಕಾಯಿಲೆಯೂ ಹೌದು. ಪಾಪಕ್ಕೆ ತೌಬಾ, ಕಾಯಿಲೆಗೆ ಚಿಕಿತ್ಸೆ. ಒಂದಿದ್ದರೆ ಇನ್ನೊಂದು ಬೇಡವೆನ್ನುವಂತಿಲ್ಲ.

ಇಲ್ಲಿ ಒಂದು ಅಪಾಯದ ಬಗ್ಗೆ ಎಚ್ಚರಿಸಬೇಕು. ಎಷ್ಟೋ ಮನೆಗಳಲ್ಲಿ ರಮಝಾನ್ ಚಂದ್ರದರ್ಶನದ ರಾತ್ರಿ ಮಗನಿಂದ ಕುರ್‌ಆನ್ ಮೇಲೆ ಆಣೆ ಮಾಡಿಸಿ, ಕೋಣೆಯಲ್ಲಿ ಕೂಡಿಹಾಕಿ ಒಮ್ಮೆಲೇ ಕುಡಿತ ನಿಲ್ಲಿಸಲು ನೋಡುತ್ತಾರೆ. ಅಪರೂಪಕ್ಕೆ ಕುಡಿಯುವವನು ಹೀಗೆ ಬಿಡಬಹುದು. ಆದರೆ ಬೆಳಗ್ಗೆ ಎದ್ದೊಡನೆ ಕುಡಿಯದಿದ್ದರೆ ಕೈ ನಡುಗುವ ಹಂತಕ್ಕೆ ಹೋದವನು ಒಮ್ಮೆಲೇ ನಿಲ್ಲಿಸಿದರೆ ಜೀವಕ್ಕೇ ಅಪಾಯ. ಮೊದಲ ದಿನವೇ ನಡುಕ, ಬೆವರು, ವಾಂತಿ ಶುರುವಾಗಬಹುದು. ಮೊದಲ ಎರಡು ದಿನಗಳಲ್ಲಿ ಫಿಟ್ಸ್ ಬರಬಹುದು. ಎರಡು, ಮೂರನೆಯ ದಿನದ ಹೊತ್ತಿಗೆ ಕೆಲವರಿಗೆ ಇಲ್ಲದ್ದು ಕಾಣುತ್ತದೆ, ಕೇಳುತ್ತದೆ, ಮನೆಯವರ ಗುರುತೂ ಸಿಗುವುದಿಲ್ಲ. ಆಗ ಜಿನ್ನ್ ಹಿಡಿದಿದೆ ಎಂದು ಮಂತ್ರಿಸಲು ಕರೆದೊಯ್ಯುತ್ತಾರೆ. ಸಹೋದರರೇ, ಅದು ಆಸ್ಪತ್ರೆಗೆ ಓಡಬೇಕಾದ ಹೊತ್ತು. ಅಂಥವನಿಗೆ ಡಾಕ್ಟರರು ದಿನದಿಂದ ದಿನಕ್ಕೆ ಕಡಿಮೆ ಮಾಡುವ ಮಾತ್ರೆ ಕೊಡುತ್ತಾರೆ, ಬಿ1 ವಿಟಮಿನ್ ಕೊಡುತ್ತಾರೆ. ಕುಡಿತ ಬಿಡಿಸುವ ಮೊದಲ ವಾರವನ್ನು ಡಾಕ್ಟರರ ಕಣ್ಣೆದುರಲ್ಲೇ ಕಳೆಯಬೇಕು. ಚಿಕಿತ್ಸೆ ರಮಝಾನ್‌ನಲ್ಲಿ ಬಂದರೂ ಚಿಂತಿಸಬೇಡಿ. ರೋಗಿಗೆ ಉಪವಾಸವನ್ನು ಮುಂದೂಡಿ ಬೇರೆ ದಿನಗಳಲ್ಲಿ ತೀರಿಸುವ ಅನುಮತಿಯನ್ನು ಅಲ್ಲಾಹನೇ ಸೂರಃ ಅಲ್ ಬಖರಃದಲ್ಲಿ ಕೊಟ್ಟಿದ್ದಾನೆ.

ಗೋಡೆಗಳ ಮೇಲೆ, ಬಸ್‌ಸ್ಟ್ಯಾಂಡ್‌ಗಳಲ್ಲಿ ಜಾಹೀರಾತು ನೋಡಿರುತ್ತೀರಿ: ಕುಡಿಯುವವರಿಗೆ ತಿಳಿಯದಂತೆ ಊಟದಲ್ಲಿ ಬೆರೆಸಿಕೊಡಿ ಎಂದು. ದಯವಿಟ್ಟು ಹಾಗೆ ಮಾಡಬೇಡಿ. ಅದರಲ್ಲಿ ಏನಿದೆಯೆಂದು ನಿಮಗೆ ತಿಳಿದಿರುವುದಿಲ್ಲ. ಡೈಸಲ್ಫಿರಾಮ್ ಎಂಬ ಔಷಧಿಯನ್ನು ಡಾಕ್ಟರರೂ ಕೊಡುತ್ತಾರೆ, ಆದರೆ ರೋಗಿಗೆ ಎಲ್ಲ ತಿಳಿಸಿ, ಅವನ ಒಪ್ಪಿಗೆ ಪಡೆದು, ಪರೀಕ್ಷೆ ಮಾಡಿಸಿಯೇ ಕೊಡುತ್ತಾರೆ. ಅದು ದೇಹದಲ್ಲಿರುವಾಗ ಕುಡಿದರೆ ರಕ್ತದೊತ್ತಡ ಕುಸಿದು ಪ್ರಾಣವೇ ಹೋಗಬಹುದು. ಸರಪಳಿ ಹಾಕಿ, ಹೊಡೆದು ಕುಡಿತ ಬಿಡಿಸುತ್ತೇವೆನ್ನುವ ಜಾಗಗಳಿಗೂ ಸೇರಿಸಬೇಡಿ. 2017ರ ಮಾನಸಿಕ ಆರೋಗ್ಯ ಕಾಯಿದೆಯ ಪ್ರಕಾರ ರೋಗಿಗೆ ಸರಪಳಿ ಹಾಕುವುದು ನಿಷಿದ್ಧ. ದುಆ ಮಾಡಿ, ಕುರ್‌ಆನ್ ಪಠಿಸಿ. ಅದು ಮದ್ದಿನ ಜೊತೆಗಿರಲಿ, ಮದ್ದಿನ ಬದಲಿಗಲ್ಲ.

ಎಲ್ಲಿಗೆ ಹೋಗುವುದು? ಜಿಲ್ಲಾ ಆಸ್ಪತ್ರೆಗಳಲ್ಲಿ ಮನೋವೈದ್ಯರಿದ್ದಾರೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೇ ಪ್ರತ್ಯೇಕ ವಿಭಾಗವಿದೆ. ಮನೆಯಿಂದ ಹೊರಡಲೂ ಸಂಕೋಚವಾದರೆ 14446 ಎಂಬ ರಾಷ್ಟ್ರೀಯ ವ್ಯಸನಮುಕ್ತಿ ಸಹಾಯವಾಣಿಗೆ, ಅಥವಾ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ. ಎರಡೂ ಉಚಿತ. ಕುಡಿಯುವವನೇ ಮಾಡಬೇಕೆಂದಿಲ್ಲ, ಹೆಂಡತಿ, ತಾಯಿ ಯಾರೂ ಮಾಡಬಹುದು.

ಮನೆಯವರ ಹಕ್ಕು

ಇನ್ನು ಮನೆಯ ಹೆಣ್ಣುಮಕ್ಕಳ ವಿಷಯ. ಸಬ್ರ್ ಮಾಡು ಎಂದು ನಾವು ಅವರಿಗೆ ಸುಲಭವಾಗಿ ಹೇಳಿಬಿಡುತ್ತೇವೆ. ಸಬ್ರ್ ದೊಡ್ಡ ಗುಣ. ಆದರೆ ಹೊಡೆತ ತಿನ್ನುತ್ತಾ ಬಾಯಿ ಮುಚ್ಚಿಕೊಂಡಿರುವುದಕ್ಕೆ ಸಬ್ರ್ ಎಂದು ಹೆಸರಿಡಬೇಡಿ. ಪ್ರವಾದಿವರ್ಯರು(ಸ) ಯಾವ ಹೆಣ್ಣಿನ ಮೇಲೂ, ಯಾವ ಸೇವಕನ ಮೇಲೂ ಕೈ ಎತ್ತಲಿಲ್ಲ ಎಂದು ಹಝ್ರತ್ ಆಇಶಾ(ರ) ಸಾಕ್ಷಿ ನುಡಿದಿದ್ದಾರೆ. ಕುಡಿದು ಹೊಡೆಯುವವನ ಮನೆಯಿಂದ ಮಕ್ಕಳನ್ನು ಕರೆದುಕೊಂಡು ತವರಿಗೆ ಬಂದ ಮಗಳನ್ನು ಅದೇ ರಾತ್ರಿ ವಾಪಸು ಕಳುಹಿಸಬೇಡಿ. ಮೊದಲು ಜೀವ ಉಳಿಯಲಿ. ಮಾತುಕತೆ, ರಾಜಿ ಆಮೇಲೆ. 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯಿದೆ ಅವಳಿಗೆ ರಕ್ಷಣೆ ಕೊಡುತ್ತದೆ. 181 ಮಹಿಳಾ ಸಹಾಯವಾಣಿಯಿದೆ, ಮಕ್ಕಳಿಗಾಗಿ 1098 ಇದೆ.

ಅವಳ ಮಹರ್ ಅವಳದ್ದು. ಮಹರನ್ನು ಹೆಣ್ಣಿಗೇ ಕೊಡಬೇಕೆಂದು, ಅವಳಾಗಿ ಮನಸ್ಸಾರೆ ಬಿಟ್ಟುಕೊಟ್ಟರೆ ಮಾತ್ರ ಗಂಡ ಉಣ್ಣಬಹುದೆಂದು ಸೂರಃ ಅನ್ನಿಸಾದ 4ನೇ ವಚನ ಹೇಳುತ್ತದೆ. ಅವಳಿಗೆ ಹೇಳದೆ ಅಡವಿಟ್ಟ ಸರ, ಮಾರಿದ ಬಳೆ ಕುಡಿತ ಬಿಟ್ಟ ಮಾತ್ರಕ್ಕೆ ಮಾಫಿ ಆಗುವುದಿಲ್ಲ. ತೌಬಾ ಎಂದರೆ ಪಾಪವನ್ನು ಬಿಡುವುದು, ಅದಕ್ಕಾಗಿ ಮರುಗುವುದು, ಮತ್ತೆ ಮಾಡುವುದಿಲ್ಲವೆಂದು ದೃಢಪಡಿಸುವುದು. ಮನುಷ್ಯರ ಹಕ್ಕು ಅದರಲ್ಲಿ ಸೇರಿದ್ದರೆ ಅದನ್ನು ಮರಳಿಸುವುದೂ ತೌಬಾದ ಭಾಗ. ಒಮ್ಮೆಗೇ ಆಗದಿದ್ದರೆ ತಿಂಗಳಿಗಿಷ್ಟು ಎಂದು ಮರಳಿಸಲಿ. ಹಾಗೆ ಮರಳಿಸುತ್ತಾ ಹೋಗುವುದರಿಂದಲೇ ಹೆಂಡತಿಗೆ ಅವನ ಮಾತಿನ ಮೇಲೆ ನಂಬಿಕೆ ಹುಟ್ಟುತ್ತದೆ. ಅವಳು ತಕ್ಷಣ ನಂಬಲಿಲ್ಲವೆಂದು ಗಂಡ ಸಿಟ್ಟಾಗಬಾರದು. ಹತ್ತು ವರ್ಷ ಮುರಿದ ನಂಬಿಕೆ ಹತ್ತು ದಿನದಲ್ಲಿ ಕೂಡುವುದಿಲ್ಲ.

ಮರಳಿ ಬಂದವನಿಗೆ ನಾವೇನು ಕೊಡುತ್ತೇವೆ?

ಆಸ್ಪತ್ರೆಯಿಂದ ಬಂದವನಿಗೆ ಕಷ್ಟ ಅಲ್ಲಿಗೆ ಮುಗಿಯುವುದಿಲ್ಲ. ಕುಡಿಯುತ್ತಿದ್ದ ಸಂಜೆಯ ಹೊತ್ತು ಪ್ರತಿದಿನ ಬರುತ್ತದೆ. ಸಂಬಳದ ದಿನ ಬರುತ್ತದೆ. ಹಳೆಯ ಗೆಳೆಯ ಬೈಕ್ ನಿಲ್ಲಿಸಿ ಕರೆಯುತ್ತಾನೆ. ನೂರು ಮಂದಿಯನ್ನು ಕೊಂದ ಬಳಿಕ ತೌಬಾ ಬಯಸಿದ ಮನುಷ್ಯನ ಹದೀಸನ್ನು ನೀವು ಕೇಳಿದ್ದೀರಿ. ನಿನಗೂ ತೌಬಾ ಇದೆ ಎಂದ ವಿದ್ವಾಂಸರು ಅಷ್ಟಕ್ಕೇ ನಿಲ್ಲಿಸಲಿಲ್ಲ. ನಿನ್ನ ಊರು ಕೆಟ್ಟದ್ದು, ಅಲ್ಲಿಗೆ ಮರಳಬೇಡ, ಅಲ್ಲಾಹನನ್ನು ಆರಾಧಿಸುವ ಜನರಿರುವ ಊರಿಗೆ ಹೋಗು ಎಂದರು. ಮನಸ್ಸು ಬದಲಾದರೆ ಸಾಲದು, ಸುತ್ತಲಿನ ಜನರೂ ಬದಲಾಗಬೇಕು. ಎಲ್ಲರಿಗೂ ಊರು ಬಿಡಲಾಗುವುದಿಲ್ಲ. ಹಾಗಾದರೆ ನಮ್ಮ ಮಸೀದಿಯೇ ಅವನಿಗೆ ಆ ಒಳ್ಳೆಯ ಊರಾಗಬೇಕಲ್ಲವೇ?

ಇದಕ್ಕೆ ದೊಡ್ಡ ಯೋಜನೆ ಬೇಡ. ಮಗ್ರಿಬ್‌ನಿಂದ ಇಶಾವರೆಗಿನ ಹೊತ್ತು ಅವನಿಗೆ ಅತ್ಯಂತ ಕಷ್ಟದ ಹೊತ್ತು. ಅವನ ವಯಸ್ಸಿನ ಇಬ್ಬರು ಆ ಹೊತ್ತಿನಲ್ಲಿ ಜೊತೆಗಿದ್ದು ಚಹಾ ಕುಡಿಸಿ, ಮಾತಾಡಿಸಿ, ಇಶಾ ಮುಗಿಸಿ ಮನೆಗೆ ಬಿಟ್ಟು ಬಂದರೆ ಒಂದು ದಿನ ಗೆದ್ದಂತೆ. ಕೆಲಸ ಹೋಗಿದ್ದರೆ ಒಂದು ಕೆಲಸ ಹುಡುಕಿಕೊಡಿ. ಮೊದಲ ತಿಂಗಳುಗಳಲ್ಲಿ ಸಂಬಳ ಅವನ ಒಪ್ಪಿಗೆಯಿಂದ ಹೆಂಡತಿಯ ಖಾತೆಗೆ ಹೋಗಲಿ. ಕುಟುಂಬ ಬಡತನದಲ್ಲಿದ್ದರೆ ಜಮಾಅತ್ ಕಮಿಟಿಯವರು ಝಕಾತ್‌ನ ಅರ್ಹರ ಪಟ್ಟಿಯಲ್ಲಿ ಆ ಮನೆಯನ್ನೂ ನೋಡಲಿ, ಕುಡುಕನ ಮನೆಯೆಂದು ಬಿಡದಿರಲಿ. ಬಿಟ್ಟವರೇ ಸೇರಿ ಪರಸ್ಪರ ನೆರವಾಗುವ ಸಭೆಗಳು ಹಲವು ಊರುಗಳಲ್ಲಿ ನಡೆಯುತ್ತವೆ. ಅಲ್ಲಿಗೆ ಹೋಗಲು ಅವನು ಬಯಸಿದರೆ ಪ್ರೋತ್ಸಾಹಿಸಿ.

ಮತ್ತೆ ಜಾರಿದರೆ? ಹಲವರು ಒಮ್ಮೆಯಾದರೂ ಜಾರುತ್ತಾರೆ. ಪಾಪ ಮಾಡಿ ಕ್ಷಮೆ ಕೇಳಿದ, ಮತ್ತೆ ಪಾಪ ಮಾಡಿ ಮತ್ತೆ ಕ್ಷಮೆ ಕೇಳಿದ ದಾಸನನ್ನು ಅಲ್ಲಾಹನು ಪ್ರತಿ ಬಾರಿಯೂ ಕ್ಷಮಿಸಿದ ಹದೀಸ್ ಬುಖಾರಿ ಮತ್ತು ಮುಸ್ಲಿಮ್‌ನಲ್ಲಿದೆ. ಇದು ಪಾಪಕ್ಕೆ ಪರವಾನಗಿಯಲ್ಲ, ಏಳಲು ಯತ್ನಿಸುವವನಿಗೆ ಭರವಸೆ. ಜಾರಿದ ದಿನವೇ ಡಾಕ್ಟರರ ಬಳಿಗೆ ಹೋಗಬೇಕು, ಮುಂದಿನ ನಮಾಝ್‌ಗೆ ಮಸೀದಿಗೆ ಬರಬೇಕು. ಆರು ತಿಂಗಳು ಕುಡಿಯದೆ ಇದ್ದದ್ದು ಒಂದು ರಾತ್ರಿಯಿಂದ ಅಳಿದುಹೋಗುವುದಿಲ್ಲ. ನೋಡಿದೆಯಾ, ನಾನು ಹೇಳಿರಲಿಲ್ಲವೇ ಎನ್ನುವ ನೆಂಟರ ಮಾತು ಮಾತ್ರ ಅವನನ್ನು ಪೂರ್ತಿ ಕೆಡವಬಲ್ಲದು.

ಕುಡಿತದಲ್ಲಿರುವ ಸಹೋದರನೇ, ನೀನು ಈ ಮಾತನ್ನು ಇಲ್ಲಿ ಕೂತು ಕೇಳುತ್ತಿರಬಹುದು, ಅಥವಾ ನಿನ್ನ ಮನೆಯವರು ಮುಂದೆ ಇದನ್ನು ಪತ್ರಿಕೆಯಲ್ಲಿ ಓದಿ ನಿನಗೆ ಕೊಡಬಹುದು. ತಮ್ಮ ಮೇಲೆ ತಾವೇ ಅತಿರೇಕವೆಸಗಿದವರು ಕೂಡಾ ಅಲ್ಲಾಹನ ಕರುಣೆಯ ಬಗ್ಗೆ ನಿರಾಶರಾಗಬಾರದೆಂದು ಸೂರಃ ಅಝ್ಝುಮರ್‌ನ 53ನೇ ವಚನ ಕರೆಯುತ್ತಿದೆ. ಆ ಕರೆಯಲ್ಲಿ ನೀನೂ ಇದ್ದೀಯ. ಇಶಾ ಬಳಿಕ ಮಸೀದಿಯ ಕೋಣೆಯಲ್ಲಿ ನಾವಿರುತ್ತೇವೆ. ನಿನ್ನ ಜೊತೆ ಆಸ್ಪತ್ರೆಗೆ ಬರಲು ನಾವು ಸಿದ್ಧ. ನಿನ್ನ ಹೆಸರು ನಮ್ಮ ಬಾಯಿಂದ ಹೊರಬರುವುದಿಲ್ಲ, ಇನ್‌ಶಾ ಅಲ್ಲಾಹ್.

ಅಲ್ಲಾಹನೇ, ನಮ್ಮ ಮಕ್ಕಳನ್ನು ಮದ್ಯದಿಂದಲೂ ಎಲ್ಲ ಮಾದಕ ವಸ್ತುಗಳಿಂದಲೂ ಕಾಪಾಡು. ಅದರಲ್ಲಿ ಸಿಲುಕಿದವರಿಗೆ ಬಿಡುಗಡೆಯ ದಾರಿ ತೋರು, ಬಿಟ್ಟವರಿಗೆ ಸ್ಥಿರತೆ ಕೊಡು. ಅವರ ತಾಯಂದಿರ, ಪತ್ನಿಯರ ಕಣ್ಣೀರನ್ನು ಒರೆಸು, ಅವರ ಮಕ್ಕಳ ಮನಸ್ಸಿನ ಭಯವನ್ನು ನೀಗಿಸು. ಬಿದ್ದವರನ್ನು ಎತ್ತುವವರ ಸಾಲಿನಲ್ಲಿ ನಮ್ಮನ್ನು ಸೇರಿಸು, ಅವರ ವಿರುದ್ಧ ಶೈತಾನನಿಗೆ ನೆರವಾಗುವವರ ಸಾಲಿನಲ್ಲಿ ಸೇರಿಸದಿರು. ಆಮೀನ್.